ಬಾಣಲೆಯ ಮೊದಲ ತುಂಡು

ನಮ್ಮ ಯಜಮಾನ್ರ ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಡಾಕ್ಟರಮ್ಮ ಹೇಳಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ. ತಲೆಯಲ್ಲಿ ಮಣ್ಣಿರೋದು ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಹೊಟ್ಟೆಯಲ್ಲಿ ಕಲ್ಲೂ ಇದೆ ಅನ್ನೋದಷ್ಟೇ ಹೊಸ ಸುದ್ದಿ.

ನಮ್ಮದು ಬಸ್ಸು ನಿಲ್ಲೋ ತಿರುವಿನಲ್ಲಿ ಕರಿದ ತಿಂಡಿಯ ಅಂಗಡಿ. ಆಲೂಗಡ್ಡೆ ಈರುಳ್ಳಿ ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ, ಕಾದ ಎಣ್ಣೆಗೆ ಬಿಡೋದು. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಮುಂದೆ ಬಾಣಲೆ, ಬಾಣಲೆ ಹಿಂದೆ ನನ್ನ ಮೈದುನ, ಅವನ ಪಕ್ಕ ಗಲ್ಲಾಪೆಟ್ಟಿಗೆ ಹತ್ತಿರ ಇವರು. ಪರದೆಯ ಈಚೆ, ಹೆಚ್ಚೋ ಮಣೆಯ ಮುಂದೆ, ಈರುಳ್ಳಿಗೆ ಕಣ್ಣೀರು ಸುರಿಸೋಕೆ ನಾನು. ಊರವರ ಬಾಯಲ್ಲಿ ಇವರು ಗರಿಗರಿಯಣ್ಣ. ನನಗೆ ಹೆಸರೇನೂ ಇಲ್ಲ, 'ಒಳಗಿನೋರು' ಅಂತಾರೆ.

ಈ ಗರಿಗರಿಯಣ್ಣನಿಗೆ ಒಂದು ವ್ರತ ಇತ್ತು. ಸಂಜೆ ಬಾಣಲೆಯಿಂದ ಎತ್ತಿದ ಮೊದಲ ತುಂಡು ಗಿರಾಕಿಗಲ್ಲ, ಇವರಿಗೆ. ಅದನ್ನ ಎಲ್ಲರಿಗೂ ಕಾಣೋ ಹಾಗೆ ಮೇಲೆತ್ತಿ ಹಿಡಿದು, ಕರುಂ ಅಂತ ಕಚ್ಚಿ, ಕಣ್ಣು ಮುಚ್ಚಿ ಅಗಿದು, "ಹ್ಞೂಂ, ಇವತ್ತೂ ಚೆನ್ನಾಗಿದೆ" ಅಂದ ಮೇಲೇ ಮಾರಾಟ ಶುರು. ಅಂಗಡಿ ಹಾಕಿದ ಹೊಸದರಲ್ಲಿ ಇದೇ ಬೀದಿಯ ಇನ್ನೊಬ್ಬ ಮಹಾನುಭಾವ ಹಳಸಿದ ಎಣ್ಣೆಯಲ್ಲಿ ಕರಿದು ಇಡೀ ಬೀದಿಗೇ ವಾಂತಿಭೇದಿ ಹತ್ತಿಸಿದ್ದ. ಕರಿದ ತಿಂಡಿ ಅಂದ್ರೆ ಜನ ಮೂಗು ಮುಚ್ಚಿಕೊಳ್ತಿದ್ದ ಕಾಲ ಅದು. ಆಗ ಇವರು ಬಾಗಿಲಲ್ಲಿ ನಿಂತು ತಾವೇ ಮೊದಲು ತಿಂದು ತೋರಿಸಿದ್ರು. ಜನ ಬಂದ್ರು, ಒಪ್ಪಿಕೊಳ್ತೀನಿ. ಆದರೆ ಆ ಇನ್ನೊಂದು ಅಂಗಡಿ ಮುಚ್ಚಿ, ಆ ಜಾಗದಲ್ಲಿ ಚಪ್ಪಲಿ ಅಂಗಡಿ ಬಂದು, ಅದೂ ಮುಚ್ಚಿ ಹೋದ ಮೇಲೂ ಇವರ ತಿಂದು ತೋರಿಸೋದು ನಿಲ್ಲಲಿಲ್ಲ. ಇಡೀ ಊರಿನ ನಂಬಿಕೆ ತನ್ನ ದವಡೆ ಮೇಲೆ ನಿಂತಿದೆ ಅಂತ ನಂಬಿಬಿಟ್ಟಿದ್ರು.

ನೋವು ಬಂದಾಗ ಮೊದಲು ಗ್ಯಾಸು ಅಂದ್ರು. ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದದ್ದು ಬೆನ್ನಿಗೆ ಹೋಗಿ ಹೆಗಲಿಗೆ ಏರಿತು. ಆಲೂಗಡ್ಡೆ ಮೂಟೆ ತಬ್ಬಿಕೊಂಡು ಕೂತವರು ಮೈಯೆಲ್ಲ ಬೆವತು ಮುದ್ದೆಯಾಗಿಬಿಟ್ರು. ಸೋಡಾ ಕುಡಿದ್ರು. ಮುಂದಿನ ಸಲ ಬಂದಾಗ ಸೋಡಾದ ಜೊತೆ ನನಗೆ ಬೈಗುಳ, ಯಾಕಂದ್ರೆ ಮಧ್ಯಾಹ್ನದ ಅಡುಗೆ ನನ್ನದು. ಸಂಜೆ ತಿಂದ ಆ ಕರಿದ ತುಂಡಿನದ್ದು ಮಾತ್ರ ಏನೂ ತಪ್ಪಿಲ್ಲ. ಅದು ಅಂಗಡಿಯದ್ದಲ್ಲವಾ! ಆಮೇಲೊಂದು ದಿನ ವಾಂತಿ ಮಾಡಿಕೊಂಡು ನೆಲಕ್ಕೆ ಬಿದ್ದಾಗ ನಾನು ಕೇಳಲಿಲ್ಲ, ಆಟೋ ಕರೆಸಿ ತುಂಬಿಕೊಂಡು ಹೋದೆ.

ಸ್ಕ್ಯಾನ್ ಆಯಿತು. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ರು. ಜಿಡ್ಡು ಹೊಟ್ಟೆಗೆ ಹೋದಾಗೆಲ್ಲ ಪಿತ್ತಕೋಶ ಹಿಂಡಿಕೊಳ್ಳುತ್ತೆ, ಹಿಂಡಿಕೊಂಡಾಗ ಕಲ್ಲು ಅದರ ಬಾಯಿಗೆ ಅಡ್ಡ ಕೂರುತ್ತೆ, ಅದೇ ಈ ನೋವು. ಕರಿದದ್ದು ಬೇಡ, ಒಟ್ಟಿಗೆ ಹೊಟ್ಟೆ ಬಿರಿಯೋ ಹಾಗೆ ತಿನ್ನೋದು ಬೇಡ, ಹಾಗಂತ ಹೊಟ್ಟೆ ಖಾಲಿ ಬಿಡೋದೂ ಬೇಡ. ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನಿ. ಆದರೆ ಪಥ್ಯದಿಂದ ಕಲ್ಲು ಕರಗಲ್ಲ, ಪಥ್ಯ ಇರೋದು ಆಪರೇಷನ್ ಆಗೋವರೆಗೆ ನೋವು ತಡೆಯೋಕೆ. ಕಲ್ಲು ಜಾರಿ ಪಿತ್ತ ಹರಿಯೋ ನಾಳದಲ್ಲಿ ಸಿಕ್ಕಿಕೊಂಡ್ರೆ, ಜ್ವರ ಬಂದು ಕಣ್ಣು ಹಳದಿಯಾದ್ರೆ, ಜೀವಕ್ಕೇ ಬರಬಹುದು. ಇಷ್ಟು ಹೇಳಿ, ಯಾವಾಗ ಬರ್ತೀರಾ ಅಂತ ಕೇಳಿದ್ರು.

ಇವರು ಎದ್ದು ನಿಂತು, ಯೋಚನೆ ಮಾಡಿ ಹೇಳ್ತೀನಿ ಅಂದ್ರು. ಯೋಚನೆಯಂತೆ! ಆಟೋದಲ್ಲಿ ಕೂತ ಮೇಲೆ ಬಾಯಿಬಿಟ್ರು: "ಎಣ್ಣೆಯಲ್ಲಿ ಕರಿದು ಮಾರೋನ ಹೊಟ್ಟೆಯನ್ನ ಎಣ್ಣೆಯೇ ಕೆಡಿಸ್ತು ಅಂತ ಗೊತ್ತಾದ್ರೆ ನಾಳೆಯಿಂದ ಯಾರು ಬರ್ತಾರೆ? ಆಪರೇಷನ್ ಮಾತು ಯಾರ ಹತ್ರಾನೂ ಎತ್ತಬೇಡ."

ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಗಾದೆ ಮಾಡಿದವರು ನಮ್ಮ ಮನೆಯವರನ್ನ ನೋಡೇ ಮಾಡಿರಬೇಕು.

ನಾನು ಪಥ್ಯ ಶುರು ಮಾಡಿದೆ. ಬೇಯಿಸಿದ ಸೋರೆಕಾಯಿ, ಒಗ್ಗರಣೆ ಇಲ್ಲದ ಬೇಳೆ, ಕೆನೆ ತೆಗೆದ ಮಜ್ಜಿಗೆ, ಮೆತ್ತಗಿನ ಅನ್ನ. ಮೂರು ಹೊತ್ತಿನದ್ದನ್ನ ಐದು ಮಾಡಿ ಡಬ್ಬಿ ಕಟ್ಟಿ ಇಟ್ಟರೆ, ಇವರು ಏನು ಮಾಡ್ತಿದ್ರು ಗೊತ್ತಾ? ಸಂಜೆವರೆಗೆ ಏನೂ ಮುಟ್ಟುತ್ತಿರಲಿಲ್ಲ. ದಿನವಿಡೀ ಉಪವಾಸ ಮಾಡಿ ಜಿಡ್ಡನ್ನ ಉಳಿಸಿದ್ರೆ ಸಂಜೆಯ ಆ ಒಂದು ತುಂಡಿಗೆ ಲೆಕ್ಕ ಸರಿಹೋಗುತ್ತೆ ಅನ್ನೋದು ಇವರ ಸಂಶೋಧನೆ. ಹೊಟ್ಟೆ ಅಂದ್ರೆ ಹುಂಡಿ ಅಂದ್ಕೊಂಡಿದ್ರು. ಹಸಿದ ಹೊಟ್ಟೆಗೆ ಕರಿದದ್ದು ಬಿದ್ದು ನೋವು ಇನ್ನೂ ಜೋರಾಯಿತು. ಡಾಕ್ಟರಮ್ಮ ಫೋನಿನಲ್ಲೇ ಉಗಿದ್ರು, ಉಪವಾಸ ಬಿದ್ರೆ ಪಿತ್ತ ಅಲ್ಲೇ ನಿಂತು ಗಟ್ಟಿಯಾಗುತ್ತೆ, ಇನ್ನಷ್ಟು ಕಲ್ಲು ಆಗುತ್ತೆ ಅಂತ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಅಣ್ಣನಿಗೆ ತಕ್ಕ ತಮ್ಮ ನನ್ನ ಮೈದುನ. ಅವನು ಮೊಬೈಲಿನಲ್ಲಿ ವೈದ್ಯ ಓದಿದವನು. ಒಂದು ದಿನ ದೊಡ್ಡ ಲೋಟದ ತುಂಬ ಎಣ್ಣೆಗೆ ನಿಂಬೆಹಣ್ಣು ಹಿಂಡಿಕೊಂಡು ಬಂದ. ಇದನ್ನ ಒಂದೇ ಉಸಿರಿಗೆ ಕುಡಿದ್ರೆ ಕಲ್ಲೆಲ್ಲ ಬೆಳಿಗ್ಗೆ ಹೊರಗೆ ಬರುತ್ತಂತೆ ಅತ್ತಿಗೆ, ಸಾವಿರಾರು ಜನ ಕುಡಿದಿದ್ದಾರಂತೆ ಅಂದ. ಎಣ್ಣೆ ಮುಟ್ಟಬೇಡ ಅಂದ ರೋಗಕ್ಕೆ ಎಣ್ಣೆಯದ್ದೇ ಕಷಾಯ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ವಂಶ ಇದು. ಲೋಟ ಕಿತ್ಕೊಂಡು ಬಾಣಲೆಗೇ ಸುರಿದೆ. ಆ ದಿನ ಗಿರಾಕಿಗಳು ನಿಂಬೆಹಣ್ಣಿನ ವಾಸನೆಯ ಆಲೂಗಡ್ಡೆ ತಿಂದು ಹೋದ್ರು. ಒಂದು ನರಪಿಳ್ಳೆಯೂ ಕೇಳಲಿಲ್ಲ. ನನಗೆ ಅವತ್ತೇ ಅರ್ಥ ಆಗಬೇಕಿತ್ತು.

ಕೊನೆಗೆ ನಾನೇ ಒಂದು ಉಪಾಯ ಹೇಳಿಕೊಟ್ಟೆ. ಕಚ್ಚಿ, ಅಗಿದ ಹಾಗೆ ಮಾಡಿ, ಬೆವರು ಒರೆಸಿಕೊಳ್ಳೋ ನೆಪದಲ್ಲಿ ಕರವಸ್ತ್ರಕ್ಕೆ ಉಗುಳಿಬಿಡಿ ಅಂದೆ. ಮೊದಲು ಎಗರಾಡಿದ್ರು. ಆಮೇಲೆ ನೋವು ಹಿಡಿದು ಅಲುಗಾಡಿಸಿದಾಗ ಒಪ್ಪಿದ್ರು. ನೋವು ನಿಂತಿತು. ಐದು ಡಬ್ಬಿಯೂ ಖಾಲಿಯಾಗತೊಡಗಿತು. ನಾನು ದಿನಾ ಆ ಜಿಡ್ಡು ಕರವಸ್ತ್ರ ಒಗೆದು ಒಣಗಿಸ್ತಿದ್ದೆ. ಇವರೋ, ತನ್ನ ಕೈಚಳಕಕ್ಕೆ ತಾನೇ ಮರುಳಾಗಿ, ನೋಡಿದ್ಯಾ, ಒಬ್ಬರಿಗೂ ಗೊತ್ತಾಗಲಿಲ್ಲ ಅಂತ ಮೀಸೆ ತಿರುವುತ್ತಿದ್ರು. ಹೇಗೋ ಹೀಗೇ ನಡೆದ್ರೆ, ಸ್ವಲ್ಪ ದಿನ ಬಿಟ್ಟು ಆಪರೇಷನ್ನಿಗೂ ಒಪ್ಪಿಸಬಹುದು ಅಂದ್ಕೊಂಡಿದ್ದೆ.

ಅಷ್ಟರಲ್ಲಿ ಎದುರಿನ ಮಳಿಗೆಯ ದರ್ಜಿ ಬಾಯಿಬಿಟ್ಟ. ಅವನು ನಮ್ಮ ಅಂಗಡಿ ತೆರೆದ ದಿನದಿಂದಲೂ ಗಿರಾಕಿ, ಸಾಲಿನಲ್ಲಿ ಯಾವತ್ತೂ ಮೊದಲಿಗ. ಏನಪ್ಪಾ ಗರಿಗರಿ, ಅಂಗಿ ಜೋತಾಡ್ತಿದೆ, ಸೊರಗಿದೀಯ, ಎರಡು ಹೊಲಿಗೆ ಒಳಗೆ ಹಿಡಿದು ಕೊಡ್ಲಾ ಅಂತ ಕೇಳಿದ. ದರ್ಜಿ ಅಂಗಿ ನೋಡದೆ ಇನ್ನೇನು ನೋಡ್ತಾನೆ? ಆದರೆ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರು ಇವರು. ಅಂಗಡಿ ಮುಚ್ಚಿದ ಮೇಲೆ ಪರದೆ ಸರಿಸಿ ಒಳಗೆ ಬಂದು, ಅವನಿಗೆ ಗೊತ್ತಾಗಿದೆ ಕಣೇ, ಎಲ್ಲರಿಗೂ ಗೊತ್ತಾಗುತ್ತೆ ಅಂತ ಎಣ್ಣೆ ಡಬ್ಬದ ಮೇಲೆ ಕುಸಿದ್ರು. "ನಾನು ತಿನ್ನದೇ ಇದ್ದದ್ದನ್ನ ಚೆನ್ನಾಗಿದೆ ಅಂತ ಹೇಳಿ ಮಾರ್ತಿದೀನಿ, ಇದು ಮೋಸ ಅಲ್ಲವಾ?" ಅಂದ್ರು. ಆ ಮಾತಿಗೆ ಮಾತ್ರ ನನಗೆ ನಗು ಬರಲಿಲ್ಲ. ಪೆದ್ದುತನದ ಅಡಿಯಲ್ಲಿ ಅಷ್ಟು ನಿಯತ್ತು ಇಟ್ಕೊಂಡಿರೋ ಗಂಡನ್ನ ಬೈಯೋದು ಕಷ್ಟ.

ಮರುದಿನ ಆ ಕನಿಕರವೂ ಹೋಯಿತು. ಭಾನುವಾರ ಗಿರಾಕಿ ಜಾಸ್ತಿ ಇರೋ ಹೊತ್ತಿನಲ್ಲಿ, ಎಲ್ಲರ ಎದುರಿಗೆ, ಒಂದು ತುಂಡಲ್ಲ, ಒಂದು ತಟ್ಟೆ ಪೂರ್ತಿ ತಿಂದು ತೋರಿಸ್ತೀನಿ ಅಂತ ತೀರ್ಮಾನ ಮಾಡಿದ್ರು. ಅಲ್ಲಿಗೆ ಅನುಮಾನವೂ ತೀರುತ್ತೆ, ಮಾಡಿದ ಮೋಸವೂ ತೀರುತ್ತೆ ಅಂತೆ. ತಟ್ಟೆ ಜೊತೆ ನೀವೂ ತೀರಿಹೋಗ್ತೀರಿ ಅಂದೆ. ಡಾಕ್ಟರಮ್ಮ ಹೇಳಿದ್ದನ್ನ ಮತ್ತೆ ಹೇಳಿದೆ. ಕಣ್ಣೀರು ಹಾಕಿದೆ, ಬೈದೆ, ಮಾತು ಬಿಟ್ಟೆ. ಮೈದುನ ಬೇರೆ, ಅಣ್ಣ ಗಟ್ಟಿ ಆಳು ಅತ್ತಿಗೆ, ಒಂದು ತಟ್ಟೆಗೆ ಏನಾಗಲ್ಲ ಅಂದ. ಅವನಿಗೆ ಹೇಳಬೇಕಾದ್ದನ್ನ ಇಲ್ಲಿ ಬರೆಯೋ ಹಾಗಿಲ್ಲ.

ಭಾನುವಾರ ಸಾಲು ಬಸ್ ನಿಲ್ಲೋ ಕಂಬದವರೆಗೂ ಬೆಳೆದಿತ್ತು. ಮೊದಲ ಸುತ್ತಿನ ತಿಂಡಿ ಬಾಣಲೆಯಿಂದ ಎತ್ತಿದ್ದಾಯಿತು. ಇವರು ದೊಡ್ಡ ತಟ್ಟೆ ತುಂಬಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಬಾಗಿಲ ಮೆಟ್ಟಿಲ ಮೇಲೆ ನಿಂತ್ರು. ಪರದೆಯ ಸಂದಿಯಿಂದ ನೋಡ್ತಿದ್ದೆ. ಬಲಗಡೆ ಪಕ್ಕೆಯನ್ನ ಮೊಣಕೈಯಿಂದ ಒತ್ತಿ ಹಿಡಿದಿದ್ರು, ನೋವು ಬರೋಕೆ ಮುಂಚೆಯೇ. ಮೊದಲ ತುಂಡು ಎತ್ತಿದ್ರು. ಈ ಮನುಷ್ಯ ನನ್ನ ಕಣ್ಣೆದುರಿಗೇ ಸಾಯ್ತಾರೆ, ಅದೂ ದರ್ಜಿಗೆ ತೋರಿಸೋಕೆ ಅನ್ನಿಸಿತು.

ಈರುಳ್ಳಿ ಕೈಯಲ್ಲೇ ಹೊರಗೆ ಹೋಗಿ ಇವರ ಮಣಿಕಟ್ಟು ಹಿಡಿದೆ. ಅಂಗಡಿಯ ಮುಂಭಾಗಕ್ಕೆ ನಾನು ಗಿರಾಕಿಗಳಿರೋ ಹೊತ್ತಿನಲ್ಲಿ ಬಂದದ್ದು ಅದೇ ಮೊದಲು.

"ಇವರಿಗೆ ಪಿತ್ತಕೋಶದಲ್ಲಿ ಕಲ್ಲಿದೆ," ಅಂದೆ, ಸಾಲಿನ ಕೊನೆಯವರಿಗೂ ಕೇಳೋ ಹಾಗೆ. "ಇದನ್ನ ತಿಂದ್ರೆ ಜೀವಕ್ಕೆ ಅಪಾಯ. ಇಷ್ಟು ದಿನ ನಿಮ್ಮೆದುರಿಗೆ ತಿಂದ ಹಾಗೆ ನಟನೆ ಮಾಡಿ ಕರವಸ್ತ್ರಕ್ಕೆ ಉಗುಳ್ತಿದ್ರು. ಹೇಳಿಕೊಟ್ಟವಳು ನಾನು. ಬೇಕಾದ್ರೆ ನನ್ನ ಬೈಯಿರಿ. ತಿಂಡಿ ಬೇಡ ಅಂದ್ರೆ ವಾಪಸ್ ಹೋಗಿ."

ಇವರ ಮುಖದಲ್ಲಿ ರಕ್ತ ಇರಲಿಲ್ಲ. ಮೈದುನ ಜಾಲರಿ ಸೌಟು ಹಿಡಿದು ಹಾಗೇ ನಿಂತಿದ್ದ.

ಚೀಲ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಬಸ್ಸಿನ ದಾರಿ ನೋಡಿ, ನಂದು ನಾಲ್ಕು ಬೇಗ ಕಟ್ಟಿಕೊಡಿ ಅಕ್ಕಾ ಅಂದಳು. ಅವಳ ಹಿಂದೆ ನಿಂತಿದ್ದ ಗಂಡಸು, ನನಗೂ ಕಲ್ಲಿತ್ತು, ಹೋದ ವರ್ಷ ತೆಗೆಸಿದೆ, ಸಣ್ಣ ಸಣ್ಣ ತೂತು ಮಾಡಿ ತೆಗೀತಾರೆ, ಏನಿಲ್ಲ ಅಂದ. ಅಂದು, ಈರುಳ್ಳಿಯದ್ದು ಎರಡು ಜಾಸ್ತಿ ಹಾಕಿ ಅಂದ. ಇನ್ನೊಬ್ಬನಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬಳಿಗೆ ರಕ್ತದೊತ್ತಡ. ತಿನ್ನಬಾರದು ಅಂತ ಎಲ್ಲರಿಗೂ ಗೊತ್ತು, ಒಬ್ಬರೂ ಸಾಲು ಬಿಟ್ಟು ಕದಲಲಿಲ್ಲ. ಇಂಥವರ ನಂಬಿಕೆ ಉಳಿಸೋಕೆ ನನ್ನ ಗಂಡ ಪ್ರಾಣ ಕೊಡೋಕೆ ಹೊರಟಿದ್ರು.

ಇವರು ದರ್ಜಿ ಕಡೆ ತಿರುಗಿ, ತಡವರಿಸ್ತಾ ಕೇಳಿದ್ರು. "ಅಲ್ಲಪ್ಪಾ, ದಿನಾ ಮೊದಲು ನಾನು ತಿಂದು ತೋರಿಸಿ, ಆಮೇಲೆ ನಿಮಗೆ ಕೊಡ್ತಿದ್ನಲ್ಲ..."

ದರ್ಜಿ ನೆನಪು ಮಾಡಿಕೊಳ್ಳೋ ಹಾಗೆ ಹುಬ್ಬು ಗಂಟಿಕ್ಕಿದ. "ಓ, ಅದಾ? ನಿನಗೆ ಹಸಿವಾಗ್ತಿತ್ತೇನೋ ಅಂದ್ಕೊಂಡಿದ್ದೆ," ಅಂದು, ತನ್ನ ಪೊಟ್ಟಣ ತಗೊಂಡು ರಸ್ತೆ ದಾಟಿ ಹೋದ.

ಇವರು ತಟ್ಟೆ ಅಲ್ಲೇ ಇಟ್ಟು ಪರದೆ ಒಳಗೆ ಬಂದು, ಎಣ್ಣೆ ಡಬ್ಬದ ಮೇಲೆ ಕೂತ್ರು. ಎತ್ತಿದ ಆ ಒಂದು ತುಂಡು ಮಾತ್ರ ಕೈಯಲ್ಲೇ ಉಳಿದಿತ್ತು. ಹೊರಗೆ ಮೈದುನನ ವ್ಯಾಪಾರ ಎಂದಿನ ಹಾಗೆ ಸಾಗಿತ್ತು. ಬಾಯಿಗೆ ಬಂದ ಹಾಗೆ ಬೈಯಬೇಕು ಅಂತ ನಾನು ಒಳಗೆ ಬಂದಿದ್ದೆ. ಬೈಗುಳವನ್ನೆಲ್ಲ ಜೋಡಿಸಿಯೂ ಇಟ್ಕೊಂಡಿದ್ದೆ. ಇವರ ಮುಖ ನೋಡಿ ಒಂದೂ ಹೊರಡಲಿಲ್ಲ. ಕಲ್ಲು ಅಲುಗಾಡಿದಾಗಲೂ ಆ ಮುಖ ಅಷ್ಟು ಸಣ್ಣಗಾಗಿರಲಿಲ್ಲ.

"ಇಷ್ಟು ವರ್ಷ," ಅಂದ್ರು. "ಯಾರೂ ನೋಡ್ಲೇ ಇಲ್ವಾ?"

"ನಾನು ನೋಡ್ತಿದ್ದೆ," ಅಂದೆ. "ದಿನಾ, ಈ ಸಂದಿಯಿಂದ. ನೀವು ಕಚ್ಚಿ ಚೆನ್ನಾಗಿದೆ ಅನ್ನೋವರೆಗೆ ನಾನು ಮುಂದಿನ ಈರುಳ್ಳಿಗೆ ಕೈ ಹಾಕ್ತಿರಲಿಲ್ಲ."

ನಾನು ಅದನ್ನ ಯಾವತ್ತೂ ಹೇಳಿರಲಿಲ್ಲ. ಹೇಳಿದ್ರೆ ತಲೆ ಮೇಲೆ ಕೂರ್ತಾರೆ ಅಂತ ಹೇಳಿರಲಿಲ್ಲ. ಇವರು, ನಾಳೆ ಡಾಕ್ಟರಮ್ಮನ ಹತ್ರ ಹೋಗಿ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡು ಬರೋಣ ಅಂದ್ರು. ಸರಿ ಅಂದೆ.

ಇವರ ಕೈಯಲ್ಲಿದ್ದ ತುಂಡು ತಗೊಂಡು ನಾನೇ ಕಚ್ಚಿದೆ. ತಣ್ಣಗಾಗಿ ಮೆತ್ತಗಾಗಿತ್ತು.

"ಹೇಗಿದೆ?" ಅಂದ್ರು.

"ಉಪ್ಪು ಸಾಲದು," ಅಂದೆ. "ನೀವು ಉಗುಳೋಕೆ ಶುರು ಮಾಡಿದ ಮೇಲೆ ಇದನ್ನ ಯಾರೂ ರುಚಿ ನೋಡಿಲ್ಲ ಅಂತ ಕಾಣುತ್ತೆ."

ಇವರು ಎದ್ದು ಪರದೆ ಸರಿಸಿ, ಹಿಟ್ಟಿಗೆ ಉಪ್ಪು ಹಾಕೋ ಅಂತ ತಮ್ಮನಿಗೆ ಕೂಗಿ ಹೇಳಿದ್ರು. ಆಮೇಲೆ ವಾಪಸ್ ಬಂದು ಕೂತು, ಸೋರೆಕಾಯಿ ಡಬ್ಬಿ ತಾವೇ ಬಿಚ್ಚಿಕೊಂಡ್ರು.