ಹಾಲಲ್ಲಿ ಅದ್ದಿದ ರೊಟ್ಟಿ

"ನೋಡು, ಮತ್ತೆ ಕೆರ್ಕೋತಾ ಇದೆ!" ಹನಿಯಾ ಒಲೆಯ ಮುಂದಿನಿಂದಲೇ ಕೂಗಿದಳು. "ನಿನ್ನ ಆ ಅಂಗಡಿ ಕಂಬಳಿ ಮೇಲೆ ಮಲಗಿದ್ರೆ ಕಲ್ಲಿಗೂ ಕಜ್ಜಿ ಹತ್ತುತ್ತೆ."

ಮಾತು ತಮ್ಮನ ಹೆಂಡತಿ ಮಹಬೂಬಾಳಿಗೆ. ಅವಳ ಕೋಣೆಯ ಹೊಸ್ತಿಲಲ್ಲಿ ತೈರಾ ಹಿಂಗಾಲೆತ್ತಿ ಕಿವಿಯ ಬುಡವನ್ನು ಪರಪರ ಕೆರೆಯುತ್ತಿತ್ತು. ಮರಳಿನ ಬಣ್ಣದ ಬೇಟೆನಾಯಿ. ಹೊಟ್ಟೆಯಡಿ ಕೂದಲುದುರಿ ಚರ್ಮ ಕೆಂಪಾಗಿ ರಸಿ ಒಸರುತ್ತಿತ್ತು.

ಹಿಡಿ ಮರಳಿಗೆ ಗಾಳಿ ಕಲಸಿ ದೇವರು ಈ ನಾಯಿಗಳನ್ನು ಮಾಡಿದನೆಂದು ಅಜ್ಜಿ ಹೇಳುತ್ತಿದ್ದಳು. ತೈರಾಳನ್ನು ಮಾತ್ರ ಹನಿಯಾಳೇ ಮಾಡಿದ್ದು. ತಾಯಿಯಿಲ್ಲದ ಮರಿಗೆ ಆಡಿನ ಹಾಲಲ್ಲಿ ಅದ್ದಿದ ಬಟ್ಟೆ ಚೀಪಿಸಿ, ಹಲ್ಲು ಬಂದ ಮೇಲೆ ಅದೇ ಹಾಲಲ್ಲಿ ಬಾರ್ಲಿ ರೊಟ್ಟಿ ನೆನೆಸಿ ತಿನ್ನಿಸಿದ್ದಳು. ಮದುವೆಯಾಗದೆ ಉಳಿದ ಹೆಣ್ಣಿಗೆ ಆ ಮನೆಯಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ. ಮಹಬೂಬಾ ಬಂದಳು, ವಾರ ಕಳೆಯುವುದರೊಳಗೆ ನಾಯಿ ಅವಳ ಕಾಲ ಬಳಿ ಮಲಗತೊಡಗಿತು.

ದೂಜ್ ಊರಿನ ಸಂತೆಯಲ್ಲಿ ಪಶುವೈದ್ಯ ನೋಡಿ ಹೇಳಿದ್ದ: "ತಿನ್ನೋದೋ, ಮಲಗೋ ಹಾಸೋ, ಏನೋ ಒಂದು ಇದರ ಮೈಗೆ ಒಗ್ತಿಲ್ಲ. ಸದ್ಯಕ್ಕೆ ಒಂಟೆ ಮಾಂಸ, ನೀರು, ಅಷ್ಟೇ. ಬೇರೆ ಒಂದು ಚೂರೂ ಬಾಯಿಗೆ ಬೀಳಬಾರದು."

ಮಹಬೂಬಾ ಮಾಂಸ ಬೇಯಿಸಿ ಹಾಕಿದಳು. ತವರಿಂದ ತಂದಿದ್ದ ಆ ಅಂಗಡಿ ಕಂಬಳಿಯನ್ನು ಯಾರಿಗೋ ಕೊಟ್ಟುಬಿಟ್ಟಳು. ಧೂಪ ಹಾಕುವುದನ್ನೂ ಬಿಟ್ಟಳು. ಹನಿಯಾ ಮಾತ್ರ ನಸುಕಿನಲ್ಲಿ, ಯಾರೂ ಏಳುವ ಮೊದಲು, ನೆನೆದ ರೊಟ್ಟಿಯ ತುಂಡನ್ನು ಅಂಗೈಯಲ್ಲಿ ಚಾಚುತ್ತಿದ್ದಳು. ಆ ಹೊತ್ತಿನಲ್ಲಿ ತೈರಾ ಅವಳದಾಗಿರುತ್ತಿತ್ತು. ನನ್ನ ಕೈತುತ್ತು ಯಾರಿಗೆ ಕೆಟ್ಟದ್ದು ಮಾಡೀತು?

ಕೆರೆತ ನಿಲ್ಲಲಿಲ್ಲ.

ಖರ್ಜೂರದ ಕೊಯ್ಲಿಗೆಂದು ಹನಿಯಾ ಚಿಕ್ಕಮ್ಮನ ಊರಿಗೆ ಹೋದಳು. ನಾನಿಲ್ಲದೆ ಸೊರಗಲಿ, ಆಗ ಗೊತ್ತಾಗುತ್ತೆ ಎಂದುಕೊಂಡೇ ಹೋದಳು. ಕೊಯ್ಲು ಮುಗಿಸಿ ಬಂದಾಗ ಅಂಗಳದಲ್ಲಿ ಬೇರೆಯದೇ ನಾಯಿ ನಿಂತಂತಿತ್ತು. ಮೈತುಂಬ ಹೊಸ ಕೂದಲು, ರೇಷ್ಮೆಯ ಹಾಗೆ.

ಮಹಬೂಬಾ ಓಡಿಬಂದಳು. "ಅಕ್ಕಾ, ನೀವಂದದ್ದೇ ನಿಜ! ಆ ಹಾಳು ಕಂಬಳೀನೇ. ಅದರ ವಿಷ ಇಳಿಯೋಕೆ ಇಷ್ಟು ದಿನ ಹಿಡೀತು ನೋಡಿ."

ತಮ್ಮ ಲಜ್‌ಹರ್ ನಕ್ಕ. "ಇನ್ನು ನಮ್ಮಕ್ಕನ್ನೇ ಸಂತೇಲಿ ವೈದ್ಯೆಯಾಗಿ ಕೂರಿಸೋಣ."

ಹನಿಯಾ ನಗಲಿಲ್ಲ. ಮರುದಿನ ನಸುಕಿನಲ್ಲಿ ತೈರಾ ತಾನಾಗಿಯೇ ಬಂದು ಅವಳ ಮುಷ್ಟಿಗೆ ಮೂತಿ ಒತ್ತಿತು. ಮರೆತಿಲ್ಲ! ಅವಳ ಎದೆ ತುಂಬಿತು. ಒಂದೇ ತುಂಡು, ಎಂದು ಕೈ ಬಿಚ್ಚಿದಳು.

ಸಂಜೆಗೆ ಮತ್ತೆ ಪರಪರ ಸದ್ದು.

ಹೊರಗೆ ಬಂದು ನೋಡಿದರೆ ಮಹಬೂಬಾ ಬಾವಿಯ ಬಳಿ ಕುಕ್ಕರುಗಾಲಲ್ಲಿ ಕೂತು ಬೂದಿ, ಮರಳು ಹಾಕಿ ಅಂಗೈ ಉಜ್ಜುತ್ತಿದ್ದಳು. ಗೋರಂಟಿಯ ಬಣ್ಣ ಹೋಗಿರಲಿಲ್ಲ, ಚರ್ಮ ಮಾತ್ರ ಉಜ್ಜಿ ಕೆಂಪಾಗಿತ್ತು.

"ಏನೇ ಅದು?"

"ನಿನ್ನೆ ಗೋರಂಟಿ ಹಚ್ಕೊಂಡಿದ್ದೆ ಅಕ್ಕಾ. ಈ ಕೈಯಲ್ಲೇ ತೈರಾನ್ನ ಮುಟ್ಟಿದ್ದು. ನಂದೇ ತಪ್ಪು."

"ಬಿಡು." ಹನಿಯಾ ಬೂದಿಯನ್ನು ಆಚೆ ಸರಿಸಿದಳು. "ಬಿಡು ಅಂದೆ! ಗೋರಂಟಿ ಅಲ್ಲ. ನಿನ್ನ ಕಂಬಳೀನೂ ಅಲ್ಲ."

ಮಹಬೂಬಾ ಒದ್ದೆ ಕೈಗಳನ್ನು ಹಾಗೇ ಚಾಚಿಕೊಂಡು ಅವಳನ್ನೇ ನೋಡಿದಳು. ಹನಿಯಾ ಒಳಗೆ ಹೋಗಿ, ಅಮ್ಮ ನೇಯ್ದ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆದು ತಂದು ಅವಳ ಹೆಗಲ ಮೇಲೆ ಹಾಕಿದಳು.

"ಚಳಿ ಬಂತು. ಹೊದ್ಕೋ."

ನಸುಕಿನಲ್ಲಿ ತೈರಾ ಬಂತು. ಹನಿಯಾ ಎರಡೂ ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟು ಕೂತಳು. ನಾಯಿ ಶಾಲನ್ನು ಮೂಸಿತು, ಕಾಯಿತು, ಮತ್ತೊಮ್ಮೆ ಮೂಸಿತು. ಆಮೇಲೆ ಮೆಲ್ಲಗೆ ಅಂಗಳ ದಾಟಿ ಆಚೆಯ ಕೋಣೆಗೆ ಹೋಗಿ, ಅಮ್ಮನ ಕಂಬಳಿಯ ತುದಿಯಲ್ಲಿ ಮುದುಡಿಕೊಂಡಿತು.

ಬಟ್ಟಲಲ್ಲಿ ರೊಟ್ಟಿ ನೆನೆದು ಮೆತ್ತಗಾಗಿತ್ತು. ಹನಿಯಾ ಒಂದು ತುಂಡು ತೆಗೆದು ತನ್ನ ಬಾಯಿಗಿಟ್ಟುಕೊಂಡಳು.