ಷಾಯ್ಬ್ಲೆಯವರ ಮರಕ್ಕೆ ಕಟ್ಟಿದ ಹಳದಿ ಬಟ್ಟೆ

ಅಕ್ಟೋಬರ್ ತಿಂಗಳ ಮೂರನೆಯ ಶನಿವಾರ ಬೆಳಿಗ್ಗೆ ನಮ್ಮ ಮನೆ ಮಾಲೀಕ ಷಾಯ್ಬ್ಲೆಯವರು ಏಣಿ ಮತ್ತು ನಾಲ್ಕು ಗೋಣಿಚೀಲ ಹೇರಿದ ಕೈಗಾಡಿ ತಳ್ಳಿಕೊಂಡು ಗುಡ್ಡದ ಕಡೆ ಹೋದರು. ಒಂದು ಗಂಟೆಯೊಳಗೆ ಖಾಲಿ ಚೀಲಗಳ ಜೊತೆ ವಾಪಸು ಬಂದು ನನ್ನ ಬಾಗಿಲ ಗಂಟೆ ಒತ್ತಿದರು.

"ಮರದಲ್ಲಿ ಒಂದೂ ಹಣ್ಣಿಲ್ಲ, ಗ್ರಿಗೋರ್ಯಾನ್ ಅಮ್ಮನವರೇ. ಯಾರೋ ಇದನ್ನ ಕಟ್ಟಿದಾರೆ."

ಅವರ ಅಂಗೈಯಲ್ಲಿ ಗೇಣುದ್ದದ ಹಳದಿ ಬಟ್ಟೆಯ ಚೂರಿತ್ತು. ಜರ್ಮನಿಯ ಈ ಊರಿನಲ್ಲಿ ಹಣ್ಣು ಕೀಳಲು ಕೈಲಾಗದವರು ತಮ್ಮ ಮರಕ್ಕೆ ಹಳದಿ ಪಟ್ಟಿ ಕಟ್ಟುತ್ತಾರೆ. ದಾರಿಹೋಕರು ಯಾರನ್ನೂ ಕೇಳದೆ ಕಿತ್ತುಕೊಂಡು ಹೋಗಬಹುದು. ಷಾಯ್ಬ್ಲೆಯವರಿಗೆ ಎಪ್ಪತ್ತೊಂಬತ್ತು. ಆದರೆ ತಮ್ಮ ಕೈಲಾಗದು ಎಂದು ಅವರು ಇನ್ನೂ ಒಪ್ಪಿಕೊಂಡಿರಲಿಲ್ಲ. ಅಪ್ಪ ನೆಟ್ಟ ಆ ಒಂದು ಸೇಬಿನ ಮರದ ಹಣ್ಣಿನಲ್ಲಿ ಅರ್ಧವನ್ನು ಅಟ್ಟದ ಕೋಣೆಯಲ್ಲಿ ಹರಡಿಡುತ್ತಿದ್ದರು, ಇನ್ನರ್ಧದ ರಸ ಹಿಂಡಿಸಿ ಬಾಡಿಗೆದಾರರ ಬಾಗಿಲ ಮುಂದೆ ಸದ್ದಿಲ್ಲದೆ ಬಾಟಲಿ ಇಟ್ಟು ಹೋಗುತ್ತಿದ್ದರು.

"ಕಿತ್ತವರು ಒಂದು ಕೊಂಬೆಯನ್ನೂ ಮುರಿದಿಲ್ಲ. ಬುಡದಲ್ಲಿ ಒಂದು ಜಾಡಿ ಜಾಮ್ ಬೇರೆ ಇಟ್ಟು, ಧನ್ಯವಾದ ಅಂತ ಚೀಟಿ ಬರೆದಿದಾರೆ," ಎಂದು ಜಾಡಿ ತೋರಿಸಿದರು. "ನನ್ನದೇ ಹಣ್ಣಿನ ಜಾಮು, ನನಗೇ ದಾನ."

ನಾನು ನಗಲಿಲ್ಲ. ಆ ಬಟ್ಟೆಯ ಮೇಲಿದ್ದ ಬಿಳಿ ಚುಕ್ಕೆಗಳು ನನಗೆ ಗೊತ್ತಿದ್ದವು. ಅಟ್ಟದ ಮನೆಯ ಅರ್ಪಿನೆ ತನ್ನ ಮಗಳದೆಂದು ಒಂದು ಹಳದಿ ಲಂಗ ತೋರಿಸಿದ್ದಳು. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದಳು.

ಅರ್ಪಿನೆ ನನ್ನ ಹಾಗೆಯೇ ಆರ್ಮೇನಿಯಾದ ಗ್ಯುಮ್ರಿಯವಳು. ನಾನು ಬಂದು ಇಪ್ಪತ್ತೆಂಟು ವರ್ಷವಾಯಿತು, ಅವಳು ಬಂದು ಹದಿಮೂರು ತಿಂಗಳು. ಇಲ್ಲಿನ ವೃದ್ಧಾಶ್ರಮದಲ್ಲಿ ನರ್ಸ್. ಮಗಳು, ಆರು ವರ್ಷದ ಗಯಾನೆ, ಗ್ಯುಮ್ರಿಯಲ್ಲೇ ಅಜ್ಜಿಯ ಹತ್ತಿರ ಇದ್ದಳು. ಮಗಳನ್ನು ಕರೆಸಿಕೊಳ್ಳಲು ಎಲ್ಲ ಕಾಗದಗಳೂ ಆಗಿದ್ದವು, ಒಂದು ಬಿಟ್ಟು: ಮಗುವಿಗೆ ಮನೆಯಲ್ಲಿ ಸಾಕಷ್ಟು ಜಾಗವಿದೆ ಎಂದು ಮನೆ ಮಾಲೀಕರು ಬರೆದುಕೊಡಬೇಕಿತ್ತು. ಬುಧವಾರ ಅಳತೆ ಮಾಡಿ ಕೊಡುತ್ತೇನೆ ಎಂದು ಷಾಯ್ಬ್ಲೆಯವರು ಹೇಳಿದ್ದರು. ಗುರುವಾರ ಅವಳು ಕಚೇರಿಗೆ ಕಾಗದ ಒಪ್ಪಿಸಬೇಕು. ಆ ದಿನ ತಪ್ಪಿದರೆ ಮುಂದಿನದು ಫೆಬ್ರವರಿಯಲ್ಲಿ.

ಮೂರು ಗಂಟೆಗೆ ಅವಳು ಕೆಲಸ ಮುಗಿಸಿ ಬಂದಾಗ ಒಳಗೆ ಕರೆದು ಕೂರಿಸಿ ಆ ಬಟ್ಟೆಯಿಂದ ಏನಾಯಿತೆಂದು ಹೇಳಿದೆ. ಕೋಟಿನ ಗುಂಡಿ ಬಿಚ್ಚುತ್ತಿದ್ದವಳ ಕೈ ಅಲ್ಲಿಯೇ ನಿಂತಿತು.

"ನಾನೇ ಕಟ್ಟಿದ್ದು ಚಿಕ್ಕಮ್ಮ. ಹೋದ ಭಾನುವಾರ. ಗುಡ್ಡದಲ್ಲಿ ಅದೇ ಎಲ್ಲಕ್ಕಿಂತ ಹಳೇ ಮರ. ಯಾರದ್ದು ಅಂತಾನೂ ಗೊತ್ತಿರಲಿಲ್ಲ."

ನಮ್ಮ ಕಡೆ ಹಳೆಯ ಮರ ಕಂಡರೆ ಹರಕೆಗೆ ಬಟ್ಟೆ ಕಟ್ಟುವವರೇ ಎಲ್ಲರೂ. ಚರ್ಚಿನ ಹತ್ತಿರದ ಮರಗಳಲ್ಲಿ ಎಲೆಗಿಂತ ಚಿಂದಿಯೇ ಹೆಚ್ಚು. ಇಲ್ಲಿನ ಹಳದಿ ಪಟ್ಟಿಯ ವಿಷಯ ಅವಳಿಗೆ ನಾನು ಹೇಳಬೇಕಿತ್ತು. ಹೇಳಲು ನೆನಪಾಗಲಿಲ್ಲ. ಇಷ್ಟು ವರ್ಷ ಇದ್ದುಬಿಟ್ಟರೆ ಎಲ್ಲರಿಗೂ ಗೊತ್ತಿರುವುದೇ ಅನ್ನಿಸಿಬಿಡುತ್ತದೆ.

"ನೋಡು, ಬುಧವಾರದವರೆಗೆ ಬಾಯಿ ಬಿಡಬೇಡ," ಎಂದೆ. "ಸಹಿ ಆಗಲಿ. ಆಮೇಲೆ ನಾವಿಬ್ಬರೂ ಹೋಗಿ ಹೇಳೋಣ. ಒಂದು ಕೇಕೂ ಮಾಡ್ಕೊಂಡು ಹೋಗೋಣ."

"ಸಹಿ ಆದ್ಮೇಲೆ ಹೇಳಿದ್ರೆ ಅದು ಹೇಳಿದ ಹಾಗಾಗುತ್ತಾ?"

"ಮಗು ಬರೋದು ಮುಖ್ಯ ಕಣೇ."

"ಅವಳು ಬಂದ್ಮೇಲೆ ಇದೇ ಮೆಟ್ಟಿಲಲ್ಲಿ ದಿನಾ ಅವರಿಗೆ ನಮಸ್ಕಾರ ಹೇಳ್ಬೇಕಲ್ಲ ಚಿಕ್ಕಮ್ಮ," ಎಂದು ಗುಂಡಿಗಳನ್ನು ಮತ್ತೆ ಹಾಕಿಕೊಂಡು ಎದ್ದಳು. ನಾನೂ ಹಿಂದೆಯೇ ಹೋದೆ. ಅವಳ ಜರ್ಮನ್ ಇನ್ನೂ ಕುಂಟುತ್ತಿತ್ತು.

ಷಾಯ್ಬ್ಲೆಯವರು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು.

"ಅಂದ್ರೆ, ನನ್ನ ಮರಕ್ಕೆ ಬಟ್ಟೆ ಕಟ್ಟಿದ್ರೆ ನಿಮ್ಮ ಮಗಳು ಬರ್ತಾಳೆ ಅಂತ?"

"ಹೌದು."

"ಕೆಂಪು ಸಿಗಲಿಲ್ವಾ? ನೀಲಿ?"

"ಬಣ್ಣ ನೋಡಲ್ಲ. ಯಾರಿಗೋಸ್ಕರ ಬೇಡ್ಕೋತೀವೋ ಅವರ ಬಟ್ಟೆ ಆಗಿರ್ಬೇಕು. ಅವಳದ್ದು ನನ್ನ ಹತ್ರ ಇದ್ದದ್ದು ಅದೊಂದೇ."

ಅವರು ಒಳಗೆ ಹೋದರು. ಒಂದು ಕ್ಷಣ ಬಿಟ್ಟು ಬಂದು ಆ ಬಟ್ಟೆಯ ಚೂರನ್ನು ಅವಳ ಕೈಯಲ್ಲಿಟ್ಟು ಬಾಗಿಲು ಹಾಕಿಕೊಂಡರು. ಅದನ್ನು ಆಗಲೇ ಒಗೆದು, ಇಸ್ತ್ರಿ ಮಾಡಿಟ್ಟಿದ್ದರು. ಅದು ಕೋಪವೋ ಅಲ್ಲವೋ ನಮಗೆ ತಿಳಿಯಲಿಲ್ಲ. ನಾಲ್ಕು ದಿನ ಅರ್ಪಿನೆ ಸರಿಯಾಗಿ ಊಟ ಮಾಡಲಿಲ್ಲ. ನಾನು ಮಾಡಿಕೊಟ್ಟ ಕುಂಬಳಕಾಯಿ ಅನ್ನವನ್ನೂ ಹಾಗೆಯೇ ಹಿಂದಕ್ಕೆ ತಂದಿಟ್ಟಳು.

ಬುಧವಾರ ಸಂಜೆ ಐದಕ್ಕೆ, ಹೇಳಿದ ಹೊತ್ತಿಗೆ ಸರಿಯಾಗಿ, ಅವರು ಮರದ ಮಡಿಸುವ ಅಳತೆಕೋಲು ಹಿಡಿದು ಅಟ್ಟಕ್ಕೆ ಬಂದರು. ಬರುತ್ತಾರೆ ಎಂಬ ನಂಬಿಕೆ ನನಗಿರಲಿಲ್ಲ. ಗೋಡೆ ಗೋಡೆಗೂ ಬಗ್ಗಿ ಅಳೆದರು. ಇಳಿಜಾರು ಮಾಡಿನ ಕೆಳಗೆ ತಲೆ ತಗುಲುವ ಜಾಗವನ್ನು ಅರ್ಧವೆಂದೇ ಲೆಕ್ಕ ಹಿಡಿಯಬೇಕಂತೆ. ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಪ್ಪತ್ತೊಂದೂವರೆ ಚದರ ಮೀಟರ್. ಇಬ್ಬರಿಗೆ ಇಪ್ಪತ್ತನಾಲ್ಕು ಬೇಕು."

ಅರ್ಪಿನೆ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಇಪ್ಪತ್ತನಾಲ್ಕು ಅಂತ್ಲೇ ಬರೀರಿ," ಎಂದೆ. "ಅಳೆಯೋಕೆ ಯಾರು ಬರ್ತಾರೆ?"

"ನೀವು ಟೀಚರ್ ಆಗಿದ್ದವರು," ಎಂದರು ಷಾಯ್ಬ್ಲೆಯವರು.

ಅವರು ಹೊರಗೆ ಹೋಗಿ ಪಕ್ಕದ ಹಣ್ಣಿನ ಕೋಣೆಯ ಬೀಗ ತೆಗೆದರು. ಪ್ರತಿ ವರ್ಷ ಈ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಬರೀ ಹಲಗೆಗಳು, ಹಳೆಯ ಪತ್ರಿಕೆಗಳು. ಅದನ್ನೂ ಅಳೆದರು.

"ಐದು. ಒಳಗಿನಿಂದ ಒಂದು ಬಾಗಿಲು ಒಡೆದ್ರೆ ಇದೂ ನಿಮ್ಮ ಮನೆಗೇ ಸೇರುತ್ತೆ. ಶನಿವಾರ ಒಡೀತೀನಿ. ಕಾಗದದಲ್ಲಿ ಹಾಗೇ ಬರೀತೀನಿ, ಸುಳ್ಳಾಗಲ್ಲ."

"ನಿಮ್ಮ ಮುಂದಿನ ವರ್ಷದ ಹಣ್ಣು?" ಎಂದಳು ಅರ್ಪಿನೆ.

"ನೆಲಮಾಳಿಗೆಗೆ. ಮೂರು ಮಹಡಿ ಚೀಲ ಹೊತ್ತು ಹತ್ತೋದು ಸಾಕಾಗಿತ್ತು. ಅಪ್ಪ ಇಲ್ಲಿ ಇಡ್ತಿದ್ರು ಅಂತ ನಾನೂ ಇಡ್ತಿದ್ದೆ, ಅಷ್ಟೇ." ಹಲಗೆಯೊಂದರ ಒಂದು ತುದಿ ಹಿಡಿದು ಅವಳತ್ತ ನೋಡಿದರು. "ಹಿಡೀರಿ ಆ ಕಡೆ. ಅಳೋದು ಆಮೇಲೆ."

ಹಲಗೆಗಳನ್ನೆಲ್ಲ ಹೊರಗಿಟ್ಟ ಮೇಲೆ ಅವರು ಇಳಿಜಾರಿನ ಕೆಳಗೆ ನಿಂತು ಯೋಚಿಸಿದರು.

"ಮಗು ಎಷ್ಟು ಎತ್ತರ?"

ಅರ್ಪಿನೆ ಅಂಗೈಯನ್ನು ಸೊಂಟದ ಹತ್ತಿರ ಹಿಡಿದಳು. ಆಮೇಲೆ ಎರಡು ಬೆರಳಷ್ಟು ಮೇಲೆತ್ತಿದಳು. ಇನ್ನೂ ಸ್ವಲ್ಪ ಎತ್ತಿದಳು. ಕೈ ಅಲ್ಲಿಯೇ ಗಾಳಿಯಲ್ಲಿ ನಿಂತಿತು.

"ಸರಿಯಾಗಿ ಗೊತ್ತಿಲ್ಲ," ಎಂದಳು. "ಫೋನಲ್ಲಿ ಮುಖ ಅಷ್ಟೇ ಕಾಣುತ್ತೆ."

ಷಾಯ್ಬ್ಲೆಯವರು ಮೊಣಕಾಲೂರಿ ಕುಳಿತು ಅಳತೆಕೋಲನ್ನು ನೆಲದಿಂದ ಅವಳ ಅಂಗೈಯವರೆಗೆ ನಿಲ್ಲಿಸಿದರು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಸಂಖ್ಯೆ ಬರೆದುಕೊಂಡು, ಅದಕ್ಕೆ ಹತ್ತು ಸೆಂಟಿಮೀಟರ್ ಸೇರಿಸಿದರು.

"ಮಂಚ ಕಿಟಕಿ ಕಡೆಗೆ ಹಾಕೋಣ," ಎಂದರು. "ಎದ್ದಾಗ ತಲೆ ತಗುಲಲ್ಲ."