ಎಕಂಬಾ ಕೆರೆಯಲ್ಲಿ ಹೊಸ ಗಾಡಿ

ಲಾತೂರಿಗೆ ರೈಲಿನಲ್ಲಿ ನೀರು ಹೋಯಿತಲ್ಲ, ಆ ಬೇಸಿಗೆಯಲ್ಲಿ ಭಾಲ್ಕಿಯ ಶಿವರಾಜಪ್ಪ ಸಾವಕಾರರು ಹೊಸ ಗಾಡಿ ತಂದರು. ಗಾಡಿ ಅಂದರೆ ಅಂತಿಂಥ ಗಾಡಿಯಲ್ಲ. ಅವರ ಬೇಳೆ ಮಿಲ್ಲಿನ ಗೇಟಿನಲ್ಲಿ ಅದು ಹಿಡಿಯಲೇ ಇಲ್ಲ. ಗೇಟಿನ ಒಂದು ಕಂಬ ಕೆಡವಿ ಒಳಗೆ ತರಬೇಕಾಯಿತು. ಮೂರು ಸಾಲು, ಎಂಟು ಸೀಟು, ಸೀಟಿಗೆಲ್ಲ ಕೆನೆ ಬಣ್ಣದ ಚರ್ಮ, ತಲೆಯ ಮೇಲೆ ಆಕಾಶ ಕಾಣುವಂಥ ಗಾಜು. ಬಾಗಿಲು ತೆಗೆದರೆ ಅಡಿಯಿಂದ ಒಂದು ಮೆಟ್ಟಿಲು ತಾನಾಗಿ ಹೊರಗೆ ಬರುತ್ತಿತ್ತು, ಬಾಗಿಲು ಹಾಕಿದರೆ ತಾನಾಗಿ ಒಳಗೆ ಹೋಗುತ್ತಿತ್ತು. ಊರಿನ ಅರ್ಧ ಮಂದಿ ಆ ಮೆಟ್ಟಿಲು ನೋಡಲಿಕ್ಕೆಂದೇ ಬಂದರು. ಹತ್ತು ದಿನಕ್ಕೊಮ್ಮೆ ನಳ ಬರುವ ಓಣಿಯವರು ಖಾಲಿ ಕೊಡ ಪಾಳಿಯಲ್ಲಿಟ್ಟು ಬಂದು ನಿಂತರು. ಮೆಟ್ಟಿಲು ಹೊರಗೆ ಬಂದಾಗ ಒಮ್ಮೆ ನಕ್ಕರು, ಒಳಗೆ ಹೋದಾಗ ಮತ್ತೊಮ್ಮೆ ನಕ್ಕರು.

ಮಳೆಗೆ ಬರ ಬಂದಿತ್ತೇ ಹೊರತು ಅಭಿಪ್ರಾಯಕ್ಕೆ ಬಂದಿರಲಿಲ್ಲ.

"ಇದು ಗಾಡಿ ಅಲ್ರಿ, ಗಾಲಿ ಹಚ್ಚಿದ ದಿವಾನಖಾನಾ," ಎಂದ ಮಿಲ್ಲಿನ ಎದುರು ಪಂಕ್ಚರ್ ಅಂಗಡಿ ಇಟ್ಟಿದ್ದ ಯೂಸುಫ. "ಇದರ ಟಾಯರ್ ಒಡದ್ರ ನನ್ನ ಬಲ್ಲಿ ತರಬ್ಯಾಡ್ರಿ. ಟಾಯರಿನ ಬಾಜೂಕ ನಾನೇ ಸಣ್ಣಾಂವ ಕಾಣ್ತೇನಿ."

ಕಿರಾಣಿ ಅಂಗಡಿಯ ಮನ್ಮಥಪ್ಪ ಗಾಡಿಯನ್ನು ಒಂದು ಸುತ್ತು ಹಾಕಿ, "ಗಂಡ ಹೆಂಡ್ತಿ ಇಬ್ಬರೇ ಇರೋ ಮನಿಗಿ ಎಂಟ ಸೀಟ ಯಾಕ್ರಿ?" ಎಂದು ಕೇಳಿದ.

"ಕಾಲ ಚಾಚಲಾಕ," ಎಂದರು ಶಿವರಾಜಪ್ಪನವರು. ಸುತ್ತಲಿದ್ದವರೆಲ್ಲ ನಕ್ಕರು. ಮನ್ಮಥಪ್ಪನೂ ನಕ್ಕ; ಅವನ ಅಂಗಡಿ ಅವರ ಜಾಗದಲ್ಲೇ ಇತ್ತು.

ನಗದೆ ನಿಂತವನು ಮಾಣಿಕ ಒಬ್ಬನೇ. ಅವನು ಬೀದರ್–ಔರಾದ ಹಾದಿಯಲ್ಲಿ ಇಪ್ಪತ್ತೆರಡು ವರ್ಷ ಜೀಪು ಹೊಡೆದವನು. ಒಂಬತ್ತು ಮಂದಿಯ ಜೀಪಿನಲ್ಲಿ ಹತ್ತೊಂಬತ್ತು ಮಂದಿಯನ್ನು ತುಂಬಿ, ತಾನು ಅರ್ಧ ಹೊರಗೆ ಜೋತು, ಒಂದೇ ಕುಂಡೆಯ ಮೇಲೆ ಕೂತು ಓಡಿಸಿದವನು. ಜೀಪು ಗುಜರಿಗೆ ಹೋಯಿತು. ಆಮೇಲೆ ಎರಡು ವರ್ಷ ಹೆಂಡತಿ ಶಾಲುಬಾಯಿಯ ಜೊತೆ ಪುಣೆಗೆ ಹೋಗಿ ಕಟ್ಟಡದ ಕೆಲಸ ಮಾಡಿದ. ಹೋದ ವರ್ಷ ಅಲ್ಲಿ ಎರಡನೇ ಮಾಳಿಗೆಯ ಹಲಗೆ ಜಾರಿ ಶಾಲುಬಾಯಿ ಬಿದ್ದಳು. ಬಲಗೈ ಕೂಡಿತು, ಆದರೆ ನೆಟ್ಟಗಾಗಲಿಲ್ಲ. ಆ ಸೊಟ್ಟ ಕೈಯಲ್ಲೇ ಈ ವರ್ಷವೂ ಬುಟ್ಟಿ ಹೊರಲು ಹೊರಟಿದ್ದಳು. ಔರಾದ ಕಡೆಯ ಎಕಂಬಾದಲ್ಲಿ, ತವರು ಮನೆಯಲ್ಲಿ, ಗಂಟು ಕಟ್ಟಿಕೊಂಡು ಕೂತಿದ್ದಳು. ಜೊತೆಗೆ ಅವಳ ತಾಯಿ ಸುಭದ್ರಾಬಾಯಿ. ಅರವತ್ತೈದು ದಾಟಿದ ಆ ಹೆಂಗಸು ಕೂಲಿಕಾರರ ಟೋಳಿಗೆಲ್ಲ ರೊಟ್ಟಿ ಬಡಿಯಲು ಹೋಗುವವಳು. ಭಾನುವಾರ ಮುಕಾದಮನ ಗಾಡಿ ಬರುವುದಿತ್ತು. ಟೋಳಿ ಕಟ್ಟಿ ಪುಣೆಗೆ ಒಯ್ಯುವವನು ಅವನೇ.

"ಐತ್ವಾರ ಸಂಜೀತನ ತಡಿ," ಎಂದು ಮಾಣಿಕ ಹೆಂಡತಿಗೆ ಫೋನಿನಲ್ಲಿ ಹೇಳಿದ್ದ. "ಸಾವಕಾರರಿಗಿ ಡ್ರೈವರ್ ಬೇಕಾಗ್ಯಾನ. ಮಿಲ್ಲಿನ ಹಿಂದ ಖೋಲಿ ಕೊಡ್ತಾರಂತ, ಬೋರಿನ ನೀರದ. ನೀನೂ ಬಾ, ಅತ್ತಿಗೂ ಕರ್ಕೊಂಡ ಬಾ."

"ನೌಕರಿ ಸಿಕ್ಕಮ್ಯಾಲ ಹೇಳು," ಎಂದಿದ್ದಳು ಶಾಲುಬಾಯಿ. "ಈ ಸಲ ಗಾಡಿ ತಪ್ಪಿದ್ರ ಮತ್ತ ಹದಿನೈದ ದಿನ ಕೂಡಬೇಕಾಗ್ತದ. ಮನ್ಯಾಗ ಜೋಳ ಇಲ್ಲ."

ಶಿವರಾಜಪ್ಪನವರು ಮಾಣಿಕನನ್ನು ಗಾಡಿಯ ಹತ್ತಿರ ಕರೆದು ಎರಡು ಮಾತು ಹೇಳಿದರು. "ಮೊದಲಿನ ಡ್ರೈವರ್ ಪಂಢರಿಗಿ ಯಾಕ ತೆಗದೇನಿ ಗೊತ್ತದೇನು?"

"ಇಲ್ರಿ."

"ಹಾದಿ ತುಂಬ ಅವನ ಬೀಗರೇ. ಕಮಠಾಣದಾಗ ಕಾಕಾ ಅಂತ ಒಬ್ಬಂವ ಹತ್ತತಿದ್ದ, ಅಷ್ಟೂರದಾಗ ಮಾವ ಅಂತ ಒಬ್ಬಂವ. ಒಂದಿನ ನನ್ನ ಗಾಡ್ಯಾಗ ನನಗೇ ಜಾಗಿಲ್ಲ."

"ನನಗ ಹಂಗ ಹತ್ತೋರು ಯಾರೂ ಇಲ್ರಿ, ಸಾವಕಾರ್ರ."

ಸಣ್ಣ ಸುಳ್ಳು. ನೌಕರಿ ಬೇಡುವವನು ಹೇಳುವಂಥದೇ. ಬಾಯಿಂದ ಹೊರಟಾಗ ಅದಕ್ಕೆ ತೂಕವೇ ಇರಲಿಲ್ಲ.

"ಇನ್ನೊಂದು," ಎಂದರು ಸಾವಕಾರರು. "ನನ್ನ ಮುಂದ ಎಲ್ಲರೂ ಗಾಡಿ ಛಲೋ ಅದ ಅಂತಾರ. ಹಿಂದ ಏನಂತಾರ ನನಗೂ ಗೊತ್ತದ. ನೀ ಗಾಡಿ ಹೊಡದಾಂವ. ಐತ್ವಾರ ಒಂದ ಚಕ್ಕರ್ ಹೊಡದು ಖರೇ ಹೇಳು. ಆಮ್ಯಾಲ ನಿಂದ ನೋಡ್ತೇನಿ."

ಭಾನುವಾರ ಬೆಳಿಗ್ಗೆ ಹೊರಟರು. ಮುಂದೆ ಶಿವರಾಜಪ್ಪನವರು, ನಡುವಿನ ಸಾಲಿನಲ್ಲಿ ಅವರ ಹೆಂಡತಿ ಗುರಮ್ಮ. ಬೀದರಿನ ಬಸ್‌ಸ್ಟ್ಯಾಂಡಿನ ಬಳಿ ಅಬ್ದುಲ ವಾಹೀದನ ಹೋಟೆಲಿನಲ್ಲಿ ಚಹಾಕ್ಕೆ ನಿಂತರು. ವಾಹೀದ ಜೀಪಿನ ಕಾಲದ ಗೆಳೆಯ. ಚಹಾ ಕೊಡುವ ನೆಪದಲ್ಲಿ ಕಿಟಕಿಯೊಳಗೆ ತಲೆ ಹಾಕಿ ಎಲ್ಲ ನೋಡಿದ.

"ಮಾಣಿಕ, ಇದರಾಗ ಎಷ್ಟ ಮಂದಿ ಹೊಂಟೀರಿ?"

"ಮೂರು."

"ಅರೆ ಪಾಪ. ಇಷ್ಟ ದೊಡ್ಡ ಮೈ, ಹೊಟ್ಟಿ ನೋಡಿದ್ರ ಗುಬ್ಬಿದು."

ಶಿವರಾಜಪ್ಪನವರಿಗೂ ನಗು ಬಂತು. ಅವರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು.

ಬೀದರ್ ದಾಟಿ ಔರಾದ ರಸ್ತೆ ಹಿಡಿದ ಮೇಲೆ ಮಾಣಿಕನಿಗೆ ಗಾಡಿಯ ಗುಣ ತಿಳಿಯಿತು. ಗುಂಡಿ ಬಂದದ್ದು ಕಣ್ಣಿಗೆ ಕಾಣುತ್ತಿತ್ತು, ಸೊಂಟಕ್ಕೆ ತಿಳಿಯುತ್ತಿರಲಿಲ್ಲ. ಎದುರಿನಿಂದ ಒಂದು ಲಾರಿ ಬಂತು, ಹಿಂದೆ ಮಂದಿ, ಪಾತ್ರೆ, ಮಕ್ಕಳು. ಒಂದು ಕೂಸು ಬಾಯಿ ಇಷ್ಟಗಲ ತೆರೆದು ಅಳುತ್ತಿತ್ತು. ಅಳು ಒಳಗೆ ಬರಲಿಲ್ಲ.

"ನೋಡಿದೇನು? ಸಪ್ಪಳೇ ಇಲ್ಲ," ಎಂದರು ಶಿವರಾಜಪ್ಪನವರು. ಆಮೇಲೆ, "ಕಲ್ಲು, ಉಸುಕು, ರಾಡಿ, ಎಲ್ಲಾದ್ರಾಗೂ ಹೋಗ್ತದ ಅಂತ ಕಂಪನಿಯಂವ ಹೇಳ್ಯಾನ. ಈ ವರ್ಷ ರಾಡಿ ಎಲ್ಲಿಂದ ತರಮು? ಎಕಂಬಾದ ಕೆರಿ ಪೂರಾ ಒಣಗ್ಯದಂತ. ಅದರಾಗ ಇಳಸು."

ಮಾಣಿಕನ ಕಾಲು ಬ್ರೇಕಿನ ಮೇಲೆ ಹೋಗಿ ವಾಪಸು ಬಂತು. "ಅಲ್ಲಿ ಹಾದಿ ಛಲೋ ಇಲ್ರಿ."

"ಛಲೋ ಇಲ್ಲಂತೇ ಹೊಂಟೇವಿ."

ಅದು ತನ್ನ ಹೆಂಡತಿಯ ಊರೆಂದು ಆಗಲೇ ಹೇಳಬಹುದಿತ್ತು. ಪಂಢರಿಯ ಕಾಕಾ, ಮಾವ ನೆನಪಾಗಿ ಬಾಯಿ ಮುಚ್ಚಿಕೊಂಡ. ಕೆರೆ ಊರ ಹೊರಗಿದೆ, ಒಂದು ಸುತ್ತು ಹೊಡೆದು ಬಂದುಬಿಟ್ಟರಾಯಿತು ಅಂದುಕೊಂಡ.

ಕೆರೆಯ ಅಂಗಳ ಬಿರಿದು ಹೆಂಚು ಹರಡಿದ ಹಾಗೆ ಬಿದ್ದಿತ್ತು. ನಟ್ಟನಡುವೆ ಒಂದು ಒರತೆ ತೋಡಿ, ಬಟ್ಟಲಿನಿಂದ ಕೊಡಕ್ಕೆ ನೀರು ಗೋರುತ್ತಿದ್ದ ಇಬ್ಬರು ಹೆಂಗಸರು ಗಾಡಿ ಕಂಡು ಎದ್ದು ನಿಂತರು. ಮಾಣಿಕ ದೂರದಿಂದಲೇ ಸುತ್ತು ಹೊಡೆದ. ಸುಳ್ಳು ಯಾಕೆ ಹೇಳಬೇಕು, ಅವನಿಗೆ ಖುಷಿಯಾಯಿತು. ಡ್ರೈವರನ ಕೈಗೆ ಅಂಥ ಗಾಡಿ ಜನ್ಮಕ್ಕೊಮ್ಮೆ ಸಿಗಬೇಕು. ಏರಿಯ ಇಳಿಜಾರು ಹತ್ತಿಸಿದ, ಇಳಿಸಿದ, ಕಲ್ಲಿನ ರಾಶಿ ದಾಟಿಸಿದ. ಶಿವರಾಜಪ್ಪನವರು ಸಣ್ಣ ಹುಡುಗನಂತೆ ತೊಡೆ ತಟ್ಟಿಕೊಂಡರು. ಎದ್ದ ದೂಳು ಮೋಡದಂತೆ ಹೋಗಿ ಒರತೆಯ ಮೇಲೆ ಕೂತಿತು. ಹೆಂಗಸರು ಸೆರಗಿನಿಂದ ಕೊಡ ಮುಚ್ಚಿದರು.

"ನಿಲ್ಲಸು, ಫೋಟೋ ತಗೀತೇನಿ. ಎಲ್ಲಾ ಬಾಗಲಾ ತಗಿ, ಮೆಟ್ಲ ಕಾಣ್ಲಿ." ಶಿವರಾಜಪ್ಪನವರು ಫೋನು ಹಿಡಿದು ಇಳಿದು ದೂರ ಹೋದರು. ಗುರಮ್ಮ ಬಿಸಿಲಿಗೆ ಹೆದರಿ ಒಳಗೇ ಕೂತರು. ಮಾಣಿಕ ನಾಲ್ಕೂ ಬಾಗಿಲು ತೆಗೆದು ಮತ್ತೆ ತನ್ನ ಸೀಟಿಗೆ ಬಂದ.

ಬರದ ಆ ಎರಡು ವರ್ಷ ಆ ಊರುಗಳಿಗೆ ಜೀಪಿಗಿಂತ ದೊಡ್ಡ ಗಾಡಿ ಬಂತೆಂದರೆ ಅರ್ಥ ಒಂದೇ. ಮುಕಾದಮ ಗಾಡಿ ಕಳಿಸಿದ್ದಾನೆ. ಮೊದಲು ಹತ್ತಿದವರಿಗೆ ಜಾಗ, ಉಳಿದವರಿಗೆ ಹದಿನೈದು ದಿನದ ಹಸಿವು. ಏರಿಯ ಮೇಲಿಂದ ಯಾರೋ ಕೂಗಿದರು. ಊರ ಕಡೆಯಿಂದ ಮಂದಿ ಗಂಟು, ಕೊಡ, ಚಾಪೆ ಹೊತ್ತು ಏರಿ ಇಳಿದು ಓಡಿ ಬಂದರು.

"ಈ ಸಲ ಮುಕಾದಮ ಗಾದಿ ಗಾಡಿ ಕಳಸ್ಯಾನಲೇ," ಎಂದ ಒಬ್ಬ.

ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ. ಬಸ್ಸಿನ ಕಿಟಕಿಯಲ್ಲಿ ಟವೆಲ್ ಒಗೆದು ಜಾಗ ಹಿಡಿಯುವುದು ನಮಗೆಲ್ಲ ಗೊತ್ತಿದ್ದದ್ದೇ. ಅವಳು ತೆರೆದ ಬಾಗಿಲಿನಿಂದ ಗುರಮ್ಮನ ಪಕ್ಕದ ಸೀಟಿಗೆ ತನ್ನ ಗಂಟು ಒಗೆದಳು. ಹೊರಗೆ ಚಾಚಿದ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ ಕೂತೇಬಿಟ್ಟಳು.

"ಅಯ್ಯ, ಯಾರ ನೀನು?" ಎಂದರು ಗುರಮ್ಮ.

"ಇಲ್ಲಿ ಎರಡ ಜಾಗ ನಂದು. ನನ್ನ ಮಗಳು ಬರ್ಲಾಕತ್ಯಾಳ."

ಆ ದನಿಗೆ ಮಾಣಿಕ ಹಿಂದೆ ತಿರುಗಿದ. ಮುದುಕಿ ಅವನನ್ನು ಕಂಡಳು. ಕಂಡವಳೇ ಸೆರಗು ಎಳೆದು ಮುಖ ಮುಚ್ಚಿ, ಮಗ್ಗುಲಿಗೆ ತಿರುಗಿ ಕೂತಳು.

ಅತ್ತೆಯಾದವಳು ಅಳಿಯನ ಮುಂದೆ ಮುಖ ತೆರೆಯುವುದಿಲ್ಲ, ನೇರ ಮಾತಾಡುವುದಿಲ್ಲ; ಸುಭದ್ರಾಬಾಯಿ ಅದನ್ನು ಪಾಲಿಸಿಕೊಂಡು ಬಂದವಳು. ಇಪ್ಪತ್ನಾಲ್ಕು ವರ್ಷದಲ್ಲಿ ಮಾಣಿಕ ಅವಳ ಹಚ್ಚೆಯ ಕೈ ನೋಡಿದ್ದ, ಪಾದ ನೋಡಿದ್ದ. ಅವನಿಗೆ ಏನಾದರೂ ಹೇಳಬೇಕಾದರೆ ಅವಳು ಗೋಡೆಗೆ ಹೇಳುತ್ತಿದ್ದಳು: "ಶಾಲು, ಇನ್ನೊಂದ ರೊಟ್ಟಿ ಹಾಕ್ಕೋ ಅನ್ನು." ಪುಣೆಯ ತಗಡಿನ ಜೋಪಡಿಯಲ್ಲಿ, ಗೋಡೆಯೇ ಇಲ್ಲದಾಗಲೂ, ಒಲೆಗೆ ಮುಖ ಮಾಡಿ ಹೇಳಿದ್ದಳು.

ಹೊರಗೆ ಶಿವರಾಜಪ್ಪನವರು ನಗುತ್ತ, "ಇದು ಪುಣೆ ಗಾಡಿ ಅಲ್ರಪಾ, ನಮ್ಮ ಸ್ವಂತದ್ದು," ಎಂದು ಮಂದಿಯನ್ನು ತಡೆದರು. ಮಂದಿ ನಾಚಿಕೊಂಡು ನಿಂತಲ್ಲೇ ನಿಂತರು. "ಮಾಣಿಕ, ಒಳಗಿನಾಕಿಗಿ ಸಾವಕಾಶ ಇಳಸು, ಬೈಬ್ಯಾಡ," ಎನ್ನುತ್ತ ಅವರೂ ಬಾಗಿಲ ಬಳಿಗೆ ಬಂದರು.

ಮಾಣಿಕ ಸ್ಟೇರಿಂಗಿಗೆ ಹೇಳಿದ: "ಇಳೀರಿ. ಇದು ಮುಕಾದಮನ ಗಾಡಿ ಅಲ್ಲ."

ಗುರಮ್ಮನ ಕಣ್ಣು ಚುರುಕು. "ತಡಿ. ಇಷ್ಟ ಗಂಡಸರ ನಡುವ ಮೋತಿ ತೆರಕೊಂಡು ಓಡಿ ಬಂದಾಕಿ ನಿನ್ನ ಒಬ್ಬನ್ನೇ ಕಂಡು ಸೆರಗ ಹೊತ್ತಾಳ. ಈಕಿ ನಿನಗ ಏನಾಗಬೇಕೋ?"

ಶಿವರಾಜಪ್ಪನವರೂ ಅವನ ಮುಖ ನೋಡಿದರು. ಕೋಪವಿಲ್ಲ, ಬರೀ ನೋಡಿದರು. ಮಾಣಿಕನಿಗೆ ಮಿಲ್ಲಿನ ಹಿಂದಿನ ಖೋಲಿ ಕಂಡಿತು, ಬೋರಿನ ನಳ ಕಂಡಿತು, ಶಾಲುಬಾಯಿಯ ಸೊಟ್ಟ ಕೈ ಕಂಡಿತು. ಇದೆಲ್ಲ ಶಾಲುವಿಗಾಗಿಯೇ ಅಲ್ಲವೇ ಅಂದುಕೊಂಡ.

"ಯಾರೂ ಅಲ್ರಿ, ಅವ್ವಾರ."

ಆಮೇಲೆ ಸುಭದ್ರಾಬಾಯಿ ಸೆರಗನ್ನು ಹಿಂದಕ್ಕೆ ಸರಿಸಿದಳು. ಅವಸರವಿಲ್ಲದೆ ಸರಿಸಿ, ಹೆಗಲ ಮೇಲೆ ಬಿಟ್ಟಳು. ಯಾರೂ ಅಲ್ಲದವನ ಮುಂದೆ ಯಾತರ ಮರೆ? ಮಾಣಿಕ ಮೊದಲ ಸಲ ಆ ಮುಖ ನೋಡಿದ. ಶಾಲುಬಾಯಿಯದೇ ಹಣೆ, ಶಾಲುಬಾಯಿಯದೇ ಗದ್ದ, ನಡುವೆ ಸುಕ್ಕು.

"ಡ್ರೈವರ್ ಸಾಬ," ಎಂದಳು ನೇರ ಅವನ ಕಣ್ಣಿಗೆ, "ನನ್ನ ಗಂಟ ಕೊಡ್ರಿ."

ಅವನು ಕೈ ಚಾಚಿ ಗಂಟು ಕೊಟ್ಟ. ಅವಳು ಇಳಿದಳು. ಬಾಗಿಲು ಹಾಕಿದ ಕೂಡಲೇ ಮೆಟ್ಟಿಲು ಒಳಗೆ ಹೋಯಿತು. ಗಾಡಿ ಏರಿ ಹತ್ತುವಾಗ ಕನ್ನಡಿಯಲ್ಲಿ ನೋಡಿದ. ಅವಳು ಸೆರಗು ಹೊದ್ದಿರಲಿಲ್ಲ.

ವಾಪಸು ಬರುವಾಗ ಬೀದರ್ ದಾಟಿದರು. ಆಮೇಲೆ ಶಿವರಾಜಪ್ಪನವರು, "ಹೇಳು, ಗಾಡಿ ಹ್ಯಾಂಗದ? ಖರೇ ಹೇಳು," ಎಂದರು.

"ಒಳಗ ಕುಂತರ ಹೊರಗಿಂದು ಏನೂ ಕೇಳಸಲ್ರಿ."

ಅದು ಅವರಿಗೆ ಬಹಳ ಹಿಡಿಸಿತು. "ನಾಳಿಂದ ಬಾ. ಬೈದಿಲ್ಲ, ಬಡದಿಲ್ಲ, ಆ ಮುದಕಿಗಿ ಎಷ್ಟ ಛಲೋ ಇಳಸಿದಿ. ಜನರ್ನ ಇಳಸೋದ ಗೊತ್ತಿರಬೇಕು ಡ್ರೈವರಗ." ಭಾಲ್ಕಿಗೆ ಬಂದು ಖೋಲಿಯ ಕೀಲಿಕೈ ಕೊಟ್ಟರು. ಸೀಟಿಗೆ ಹತ್ತಿದ ಕಲೆ ಒರೆಸೆಂದು ಗುರಮ್ಮ ಒಂದು ಚಿಂದಿ ಕೊಟ್ಟರು. ಗಂಟಿನಲ್ಲಿದ್ದ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಎಣ್ಣೆ ಕೆನೆ ಬಣ್ಣದ ಚರ್ಮಕ್ಕೆ ಇಳಿದಿತ್ತು.

ಮಾಣಿಕ ಒಂದು ಕೈಯಿಂದ ಒರೆಸುತ್ತ ಇನ್ನೊಂದು ಕೈಯಿಂದ ಫೋನು ಹಚ್ಚಿದ. "ಶಾಲು, ನೌಕರಿ ಸಿಕ್ತು. ಖೋಲಿ ಕೀಲಿ ನನ್ನ ಕೈಯಾಗದ. ಇಬ್ಬರೂ ಬರ್ರಿ."

"ಅವ್ವ ನಿನ್ನ ಮುಂದ ಮೋತಿ ತೆಗದು ಮಾತಾಡಿದ್ಳಂತ?"

ಅವನು ಚಿಂದಿ ಮಗುಚಿ ಹಿಡಿದು ಮತ್ತೆ ಒರೆಸಿದ.

"ಅಂದೇನು, ಯಾರೂ ಅಲ್ಲಂತ?"

"ನಿನ ಸಲುವಾಗೇ ಅಂದೆ ಶಾಲು. ಪಂಢರಿಗಿ ತೆಗದಂಗ ನನಗೂ ತೆಗೀತಿದ್ರು. ನಿನ್ನ ಕೈ—"

"ನನ್ನ ಕೈ ನನ್ನ ಬಲ್ಲಿ ಅದ. ಅಕಿ ನಿನಗ ಯಾರೂ ಅಲ್ಲಂದ್ರ, ಅಕಿ ಹೊಟ್ಯಾಗ ಹುಟ್ಟಿದಾಕಿ ನಾ ಯಾರು?" ಅವಳ ಹಿಂದೆ ಲಾರಿಯ ಹಾರನ್ನು, ಜಗಳ, ಪಾತ್ರೆಗಳ ಸಪ್ಪಳ. ಅದರ ನಡುವೆ ಸುಭದ್ರಾಬಾಯಿಯ ದನಿ ನಿಚ್ಚಳ ಕೇಳಿತು: "ಶಾಲು, ಜಾಗ ಹಿಡದೇನಿ, ಲಗು ಬಾ." ಫೋನು ಕಟ್ಟಾಯಿತು. ಮತ್ತೆ ಹಚ್ಚಿದ. ಎತ್ತಲಿಲ್ಲ.

ಎದುರಿನಿಂದ ಯೂಸುಫ ಕೈ ಒರೆಸಿಕೊಳ್ಳುತ್ತ ಬಂದ. "ಏನಪಾ, ದೊಡ್ಡ ಗಾಡಿ ಡ್ರೈವರ್. ಕಡೀಗಿ ಹೇಳು, ಗಾಡಿ ಹ್ಯಾಂಗದ?"

ಮಾಣಿಕ ಸೀಟು ತಿಕ್ಕುತ್ತಲೇ ಇದ್ದ. ಕಲೆ ಹೋಗಿರಲಿಲ್ಲ, ಇನ್ನಷ್ಟು ಅಗಲವಾಗಿತ್ತು.

"ಎಂಟ ಸೀಟ ಅವ ಯೂಸುಫ," ಎಂದ. "ಎಂಟೂ ಖಾಲಿ."